ನಲವತ್ತನೆಯ ಚಿತ್ರದ ನಾಲ್ಕು ಕಾರುಗಳು

ನಮ್ಮ ಕಚೇರಿಯ ಮೂರನೇ ಮಹಡಿಯಲ್ಲಿ, ಹಳೆಯ ಕಡತಗಳ ಕೋಣೆಗೆ ಅಂಟಿಕೊಂಡಿರುವ ಒಂದು ಉದ್ದನೆಯ ಕೊಠಡಿಯಲ್ಲಿ, ವಾಹನ ಚಾಲಕರ ಕೈಪಿಡಿಯ ಹೊಸ ಮುದ್ರಣ ತಯಾರಾಗುತ್ತಿತ್ತು. ನಿಯಮಗಳ ವಾಕ್ಯ ಬರೆಯುವ ಕೆಲಸ ನನ್ನದು, ಚಿತ್ರ ಬರೆಯುವ ಕೆಲಸ ಅದೊಂದಕ್ಕೆಂದೇ ಹೊರಗಿನಿಂದ ಬಂದಿದ್ದ ಕಲಾವಿದೆಯದು. ಕೊಠಡಿಯ ಒಂದು ತುದಿಗೆ ನನ್ನ ಮೇಜು. ಇನ್ನೊಂದು ತುದಿಗೆ, ಕಿಟಕಿಯ ಬೆಳಕಿಗೆ, ಅವಳ ಓರೆ ಹಲಗೆ. ನಡುವೆ ಹದಿನಾಲ್ಕು ಹೆಜ್ಜೆ. ಎಣಿಸಿದ್ದೇನೆ.

ಒಟ್ಟು ನಲವತ್ತು ಚಿತ್ರ. ನಲವತ್ತನೆಯದು ಮುಗಿದ ದಿನ ಅವಳ ಕೆಲಸವೂ ಮುಗಿಯುತ್ತದೆ, ಅವಳು ಇಲ್ಲಿಂದ ಹೊರಡುತ್ತಾಳೆ. ಇದು ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು. ಮೊದಲ ದಿನ ಅದರಲ್ಲಿ ನನಗೆ ಬೇಸರಪಡುವಂಥದ್ದೇನೂ ಕಂಡಿರಲಿಲ್ಲ. ಇಪ್ಪತ್ತನೆಯ ಚಿತ್ರದ ಹೊತ್ತಿಗೆ ಕಾಣತೊಡಗಿತು.

ಅವಳು ಕಾರುಗಳನ್ನು ಮೊದಲು ರಟ್ಟಿನಲ್ಲಿ ಕತ್ತರಿಸುತ್ತಿದ್ದಳು, ಹೆಬ್ಬೆರಳಿನ ಉಗುರಿನಷ್ಟು. ಹಲಗೆಯ ಮೇಲೆ ಗೀಚಿದ ರಸ್ತೆಯಲ್ಲಿ ಅವುಗಳನ್ನು ಚಿಮಟದಿಂದ ಸರಿಸಿ, ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ ಎಂದು ನೋಡಿ, ಆಮೇಲೆ ಕಾಗದಕ್ಕೆ ಇಳಿಸುತ್ತಿದ್ದಳು. ಎಳೆದ ಗೆರೆಯಲ್ಲಿ ಕೂದಲೆಳೆಯಷ್ಟೂ ಸೊಟ್ಟ ಇರುತ್ತಿರಲಿಲ್ಲ. ಆದರೂ ಪ್ರತಿ ಚಿತ್ರದಲ್ಲಿ ಯಾವುದಾದರೂ ಒಂದು ಕಾರಿನ ಇಂಡಿಕೇಟರ್ ತಪ್ಪು ಕಡೆ ಉರಿಯುತ್ತಿತ್ತು. ಬಲಕ್ಕೆ ತಿರುಗಲಿರುವ ಕಾರಿಗೆ ಎಡದ ದೀಪ. ನಾನು ನೀಲಿ ಪೆನ್ಸಿಲ್ ಹಿಡಿದು ಹದಿನಾಲ್ಕು ಹೆಜ್ಜೆ ನಡೆಯುತ್ತಿದ್ದೆ.

"ಈ ಕಾರು ಬಲಕ್ಕೆ ಅಲ್ವಾ ಹೋಗೋದು?"

"ಅಯ್ಯೋ, ಹೌದಲ್ಲ!" ಎನ್ನುತ್ತ ಅವಳು ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳುತ್ತಿದ್ದಳು.

ಕೂತುಕೊಂಡು ಮಾತಾಡುತ್ತಿದ್ದದ್ದು ಕಾರುಗಳ ಬಗ್ಗೆಯೇ. ಬಲಕ್ಕೆ ತಿರುಗುವವನು ಎದುರಿನಿಂದ ನೇರ ಬರುವವನಿಗೆ ದಾರಿ ಬಿಡಬೇಕು. ತಿರುಗಿದ ಮೇಲೆ ಆ ರಸ್ತೆ ದಾಟುತ್ತಿರುವ ಕಾಲ್ನಡಿಗೆಯವರಿಗೂ ಬಿಡಬೇಕು. ದೀಪ, ಫಲಕ ಏನೂ ಇಲ್ಲದ ಕಡೆ ತನ್ನ ಬಲಗಡೆಯಿಂದ ಬಂದವನನ್ನು ಮೊದಲು ಹೋಗಗೊಡಬೇಕು. ಇಷ್ಟು ಹೇಳಿ ಸುಮ್ಮನಾಗುತ್ತಿದ್ದೆ. ಅವಳೂ ಸುಮ್ಮನೆ ದೀಪ ತಿದ್ದುತ್ತಿದ್ದಳು. ರಬ್ಬರಿನ ಪುಡಿಯನ್ನು ಅವಳು ಊದುವ ಸದ್ದೊಂದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಆ ಮೌನ ಎಷ್ಟು ಹಿತವಾಗಿತ್ತೆಂದರೆ, ಮಾತಾಡಿದರೆ ಎಲ್ಲಿ ಒಡೆದುಹೋಗುತ್ತದೋ ಎಂದು ನಾನು ಬಾಯಿ ಬಿಡುತ್ತಿರಲಿಲ್ಲ.

ನಮ್ಮಿಬ್ಬರ ಕೆಲಸವನ್ನು ಪರಿಶೀಲಿಸಲು ವಾರಕ್ಕೊಮ್ಮೆ ಒಬ್ಬ ನಿವೃತ್ತ ಪರೀಕ್ಷಕರು ಬರುತ್ತಿದ್ದರು. ಮೂವತ್ತು ವರ್ಷ ಡ್ರೈವಿಂಗ್ ಪರೀಕ್ಷೆ ನಡೆಸಿದವರು. ಊರಿಗೆ ಊರೇ ಅವರನ್ನು ಫೇಲಜ್ಜ ಎನ್ನುತ್ತಿತ್ತು. ಸ್ವಂತ ಅಳಿಯನನ್ನು ಮೂರು ಸಲ ಫೇಲ್ ಮಾಡಿದ್ದರು, ಅದೂ ಮದುವೆಯಾದ ಮೇಲೆ. ನಲವತ್ತನೆಯ ಚಿತ್ರ ಮೇಜಿಗೆ ಬಂದ ದಿನ ಅವರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದರು. ನಾಲ್ಕು ರಸ್ತೆ ಕೂಡುವ ಜಾಗ, ದೀಪವಿಲ್ಲ. ನಾಲ್ಕೂ ಕಡೆಯಿಂದ ಒಂದೇ ಕ್ಷಣಕ್ಕೆ ನಾಲ್ಕು ಕಾರು ಬಂದು ನಿಂತಿವೆ, ನಾಲ್ಕೂ ಬಲಕ್ಕೆ ತಿರುಗಬೇಕು.

"ಮೊದಲು ಯಾರು ಹೋಗ್ಬೇಕಪ್ಪ?"

"ಬಲಗಡೆ ಇರೋರು, ಅಜ್ಜ."

"ನಾಲ್ಕು ಜನಕ್ಕೂ ಬಲಗಡೆ ಒಬ್ಬೊಬ್ಬ ಇದಾನಲ್ಲೋ! ಇವನು ಅವನನ್ನ ಕಾಯ್ತಾನೆ, ಅವನು ಇನ್ನೊಬ್ಬನನ್ನ. ನಿನ್ನ ಪುಸ್ತಕ ನಂಬಿದ್ರೆ ಇವರು ಗಡ್ಡ ಬೆಳೆಸ್ಕೊಂಡು ಇಲ್ಲೇ ಕೂತಿರ್ಬೇಕು." ಕಾಗದವನ್ನು ನನ್ನ ಕಡೆ ತಳ್ಳಿದರು. "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೀಬೇಡ. ಸೋಮವಾರ ಅಚ್ಚಿಗೆ ಹೋಗ್ಬೇಕು. ಅಷ್ಟರೊಳಗೆ ಇವರನ್ನ ಮನೆಗೆ ಕಳಿಸು."

ಬಾಗಿಲವರೆಗೆ ಹೋದವರು ತಿರುಗಿ, ದನಿ ತಗ್ಗಿಸಿ, "ಇಷ್ಟು ಚೊಕ್ಕವಾಗಿ ಗೆರೆ ಎಳೆಯೋ ಹುಡುಗಿ ಇಂಡಿಕೇಟರ್ ಒಂದ್ರಲ್ಲೇ ಯಾಕೆ ತಪ್ತಾಳೆ ಅಂತ ನಂಗೆ ಅರ್ಥ ಆಗಿಲ್ಲ ನೋಡು" ಎಂದರು. ನನಗೂ ಆಗಿರಲಿಲ್ಲ. ಆಗಬೇಕೆಂಬ ಆತುರವೂ ಇರಲಿಲ್ಲ.

ನನ್ನ ಅಕ್ಕ ಸಿಟಿ ಬಸ್ಸು ಓಡಿಸುತ್ತಾಳೆ. ನಾವಿಬ್ಬರೂ ಒಂದೇ ಮನೆಯಲ್ಲಿರುವುದು. ಅವತ್ತು ಸಂಜೆ ಅವಳು ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಾಗ ನಾಲ್ಕು ಲೋಟ ಜೋಡಿಸಿ ಸಮಸ್ಯೆ ವಿವರಿಸಿದೆ.

"ಇದೇನು ಮಹಾ? ವಾರಕ್ಕೆ ಹತ್ತು ಸಲ ಆಗುತ್ತೆ. ಯಾರಾದ್ರೂ ಒಬ್ಬರು ಕೈಯಾಡಿಸಿ, ನೀ ಹೋಗು ಅಂತಾರೆ. ಒಂದು ಗಾಡಿ ಕದಲಿದ್ರೆ ಆಯ್ತು, ಉಳಿದಿದ್ದೆಲ್ಲ ತಾನಾಗೇ ಬಿಡಿಸ್ಕೊಳ್ಳುತ್ತೆ."

"ಅದು ನಿಯಮದಲ್ಲಿಲ್ಲ."

"ಇಲ್ಲಾಂದ್ರೆ ಬರಿ. ಬರೆಯೋನು ನೀನೇ ತಾನೆ?" ಕಾಲರಿನ ಮೇಲೆ ನೀರು ಚಿಮುಕಿಸಿದಳು. "ಅದಿರಲಿ, ಹದಿನಾಲ್ಕು ಹೆಜ್ಜೆ ಕಥೆ ಎಲ್ಲಿಗೆ ಬಂತು?"

"ಎಲ್ಲಿಗೂ ಇಲ್ಲ. ಅವಳ ಮನಸ್ಸಲ್ಲಿ ಏನಾದ್ರೂ ಇದ್ರೆ ಅವಳೇ ಹೇಳಲಿ ಅಂತ..."

"ಅವಳೂ ಹಾಗೇ ಅಂದ್ಕೊಂಡು ಕೂತಿದ್ರೆ?" ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ರಸ್ತೇಲಿ ಹೀಗೆ ನಿಂತ್ರೆ ಹಿಂದಿನೋರು ಹಾರನ್ ಹೊಡೀತಾರೆ ಮಾರಾಯ. ನಿನ್ನ ಹಿಂದೆ ಯಾರೂ ಇಲ್ಲ, ಅದೇ ತೊಂದರೆ. ನಾನೇ ಹೊಡೀಬೇಕಾಗುತ್ತೇನೋ."

ಮರುದಿನ ಕೈಯಾಡಿಸುವ ವಾಕ್ಯವನ್ನು ಫೇಲಜ್ಜನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಒಪ್ಪಲಿಲ್ಲ. "ಕಾನೂನಿನ ಬಲ ಇರೋದು ನಿಯಮಕ್ಕೆ. ಕೈಯಾಡಿಸೋದು ಮರ್ಯಾದೆ, ಅದನ್ನ ಹೇಗೆ ಅಚ್ಚು ಹಾಕಿಸ್ತೀಯ? ಮೈದಾನದಲ್ಲಿ ಮಾಡಿ ನೋಡೋಣ. ಅದಿಲ್ಲದೆ ನಡೆಯಲ್ಲ ಅಂತ ಕಣ್ಣಾರೆ ಕಂಡ್ರೆ ಒಪ್ತೀನಿ" ಎಂದರು.

ಹೀಗಾಗಿ ಶನಿವಾರ ಬೆಳಿಗ್ಗೆ ಪರೀಕ್ಷಾ ಮೈದಾನದ ನಾಲ್ಕು ತರಬೇತಿ ಕಾರುಗಳಿಗೆ ನಾಲ್ವರು ಸಿಕ್ಕೆವು: ನಾನು, ಅವಳು, ಫೇಲಜ್ಜ, ಮತ್ತು ರಜೆಯ ದಿನ ತಮಾಷೆ ನೋಡಲೆಂದೇ ಬಂದ ಅಕ್ಕ. ಸಿಮೆಂಟಿನ ನೆಲದ ಮೇಲೆ ಬಿಳಿ ಬಣ್ಣದ ಕೂಡುರಸ್ತೆ. ನನ್ನ ಬಲಗಡೆಯ ರಸ್ತೆಯಲ್ಲಿ ಅವಳು, ಎದುರಿಗೆ ಅಜ್ಜ, ಎಡಕ್ಕೆ ಅಕ್ಕ. ಅಂದರೆ ನಾನು ಅವಳನ್ನು ಕಾಯಬೇಕು, ಅವಳು ಅಜ್ಜನನ್ನು, ಅಜ್ಜ ಅಕ್ಕನನ್ನು, ಅಕ್ಕ ನನ್ನನ್ನು.

"ಮಾತಿಲ್ಲ, ಕಥೆಯಿಲ್ಲ!" ಅಜ್ಜ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು. "ಪುಸ್ತಕದಲ್ಲಿ ಇರೋದಷ್ಟೇ!" ಸೀಟಿ ಊದಿದರು.

ನಾಲ್ವರೂ ಒಟ್ಟಿಗೆ ಬಂದು ಬಿಳಿ ಗೆರೆಗೆ ನಿಂತೆವು. ಬಲದ ಇಂಡಿಕೇಟರ್ ಹಾಕಿದೆವು.

ಯಾರೂ ಕದಲಲಿಲ್ಲ.

ನಾಲ್ಕು ಇಂಡಿಕೇಟರ್‌ಗಳು ಮಿನುಗುತ್ತಿದ್ದವು, ಒಂದಕ್ಕೊಂದು ತಾಳ ಕೂಡದೆ. ಒಂದು ನಿಮಿಷವಾಯಿತು. ಒಂದು ಕಾಗೆ ಬಂದು ಕೂಡುರಸ್ತೆಯ ನಟ್ಟನಡುವೆ ಕೂತಿತು. ನಾಲ್ಕೂ ಕಡೆ ಕತ್ತು ತಿರುಗಿಸಿ ನೋಡಿ, ಭಯವೇನಿಲ್ಲವೆಂದು ರೆಕ್ಕೆ ಕೆದರಿಕೊಂಡಿತು. ಅಜ್ಜ ಎಂಜಿನ್ ನಿಲ್ಲಿಸಿ ಬಾಳೆಹಣ್ಣು ಸುಲಿದರು. ಅಕ್ಕ ಕನ್ನಡಿಯಲ್ಲಿ ಹುಬ್ಬು ನೋಡಿಕೊಂಡಳು. ನನಗೋ, ಈ ಮೌನ ಬಹಳ ಪರಿಚಿತ ಎನಿಸಿತು. ರಬ್ಬರಿನ ಪುಡಿ ಊದುವ ಸದ್ದಷ್ಟೇ ಇಲ್ಲ. ಮೂರು ತಿಂಗಳಿಂದ ನಾನು ಕೂತಿದ್ದದ್ದು ಇದರೊಳಗೇ. ಹಿತ ಎಂದುಕೊಂಡಿದ್ದೆ. ದೂರದಿಂದ ನೋಡಿದವರಿಗೆ ಅದು ಕೆಟ್ಟು ನಿಂತ ಕಾರಿನ ಹಾಗೆಯೇ ಕಂಡಿರಬೇಕು.

ಬಲಕ್ಕೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಗಾಜಿನಾಚೆ ಅವಳ ಕೈ ಮೇಲೆದ್ದಿತು, ಬೆರಳಿಗೆ ಇನ್ನೂ ಇಂಕಿನ ಕಲೆ. ನೀವು ಹೋಗಿ ಎಂಬಂತೆ ಆಡಿಸಿದಳು. ನಾನೂ ಅಭ್ಯಾಸಬಲದಿಂದ ಕೈ ಎತ್ತಿ, ಇಲ್ಲ, ನೀವು ಹೋಗಿ ಎಂದು ಆಡಿಸಿದೆ. ಅವಳು ಮತ್ತೆ ಆಡಿಸಿದಳು. ನಾನೂ ಮತ್ತೆ.

ಆಗ ಎಡಗಡೆಯಿಂದ ಹಾರನ್ ಹೊಡೆದುಕೊಂಡಿತು. ಬಸ್ಸು ಓಡಿಸುವವರು ಒತ್ತುವ ಹಾಗೆ, ಕೈ ತೆಗೆಯದೆ ಒಂದೇ ಸಮ. ಕಾಗೆ ಹಾರಿಹೋಯಿತು.

"ಲೋ! ಅವಳು ದಾರಿ ಬಿಟ್ಟಿದಾಳಲ್ಲೋ! ಹೋಗೋ!"

ಹೊರಟೆ. ಗೇರ್ ಕಿರುಚಿತು. ಬಲಕ್ಕೆ ತಿರುಗಿದೆ. ನಲವತ್ತು ಚಿತ್ರಗಳಿಗೆ ವಾಕ್ಯ ಬರೆದವನಿಗೆ ಅಲ್ಲಿಯವರೆಗೆ ಹೊಳೆಯದ ಸಂಗತಿಯೊಂದು ಆಗ ಕಂಡಿತು: ನಾನು ತಿರುಗಬೇಕಾದದ್ದು ಅವಳ ರಸ್ತೆಗೇ, ಮತ್ತು ಹಾಗೆ ತಿರುಗಿದವನ ಕಿಟಕಿ ನೇರ ಅವಳ ಕಿಟಕಿಯ ಪಕ್ಕಕ್ಕೇ ಬರುತ್ತದೆ. ಬಂದಿತು. ಬ್ರೇಕ್ ಒತ್ತಿದೆ. ಗಾಜು ಇಳಿಸಿದೆ. ಅವಳದು ಆಗಲೇ ಇಳಿದಿತ್ತು.

"ಈ ಚಿತ್ರ ಮುಗಿದ ಮೇಲೂ ನಾನು ನಿಮ್ಮ ಹತ್ತಿರ ಬರ್ತಾ ಇರಬಹುದಾ?" ಎಂದೆ. "ತಿದ್ದೋದಕ್ಕಲ್ಲ. ಸುಮ್ನೆ. ಯಾವಾಗಲೂ."

ಅವಳು ಸ್ಟಿಯರಿಂಗಿಗೆ ಹಣೆ ಒತ್ತಿ ನಗತೊಡಗಿದಳು. ನಗು ನಿಲ್ಲಲು ಬಹಳ ಹೊತ್ತಾಯಿತು.

"ನಮ್ಮಪ್ಪ ಟ್ಯಾಕ್ಸಿ ಡ್ರೈವರು," ಎಂದಳು ಕಣ್ಣೊರೆಸಿಕೊಂಡು. "ಇಂಡಿಕೇಟರ್ ಯಾವ ಕಡೆ ಹಾಕ್ಬೇಕು ಅಂತ ನನಗೆ ಐದನೇ ವಯಸ್ಸಲ್ಲೇ ಗೊತ್ತು. ಮೂವತ್ತೊಂಬತ್ತು ಸಲ ತಪ್ಪು ಹಾಕಿದೀನಿ. ಮೂವತ್ತೊಂಬತ್ತು ಸಲವೂ ನೀವು ಬಂದು ಬರೀ ಕಾರಿನ ವಿಷಯ ಮಾತಾಡಿ ಎದ್ದು ಹೋದ್ರಿ!"

"ನೀವಾದ್ರೂ ಹೇಳಬಹುದಿತ್ತಲ್ಲ?"

"ನಾನಾಗ್ಲೇ ಹೇಳ್ತಿದ್ದೆನಲ್ಲ. ದೀಪ ಹಾಕಿ!"

ನಾನೂ ನಕ್ಕೆ. ಹಿಂದೆ ಅಕ್ಕ ಮತ್ತೊಮ್ಮೆ ಹಾರನ್ ಹೊಡೆದಳು, ಈ ಸಲ ಚಿಕ್ಕದಾಗಿ, ಎರಡು ಬಾರಿ. ಫೇಲಜ್ಜ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡೇ ಕಾರಿನಿಂದಿಳಿದು ಬಂದರು.

"ಕೂಡುರಸ್ತೆ ಹತ್ತಿರ ಗಾಡಿ ನಿಲ್ಸಿದೀಯ. ಫೇಲ್!" ಎಂದರು. ಆಮೇಲೆ ಅವಳ ಕಡೆ ತಿರುಗಿ, "ನೀನು ಪಾಸು ಕಣಮ್ಮ. ಕೈಯಾಡಿಸೋದನ್ನ ಬರ್ಕೊಳ್ಳಿ. ಅದಿಲ್ಲದೆ ನಡೆಯಲ್ಲ" ಎಂದು ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟು ಹೋದರು.

ಸೋಮವಾರ ಬೆಳಿಗ್ಗೆ ನಲವತ್ತನೆಯ ಚಿತ್ರ ನನ್ನ ಮೇಜಿನ ಮೇಲಿತ್ತು. ಇಡೀ ಪುಸ್ತಕದ ಕಾರುಗಳಲ್ಲಿ ಮನುಷ್ಯರ ಸುಳಿವಿಲ್ಲ. ಇದೊಂದರಲ್ಲಿ ಮಾತ್ರ ಒಂದು ಕಾರಿನ ಕಿಟಕಿಯಿಂದ ಅಕ್ಕಿಕಾಳಿನಷ್ಟು ಪುಟ್ಟ ಕೈ ಹೊರಬಂದಿತ್ತು. ಕೆಳಗೆ ನನ್ನ ವಾಕ್ಯ: 'ಎಲ್ಲರೂ ಒಬ್ಬರಿಗಾಗಿ ಒಬ್ಬರು ಕಾಯುವ ಸಂದರ್ಭದಲ್ಲಿ ಒಬ್ಬ ಚಾಲಕರು ತಮ್ಮ ಸರದಿಯನ್ನು ಬಿಟ್ಟುಕೊಟ್ಟು ಕೈಸನ್ನೆ ಮಾಡಬೇಕು. ಸನ್ನೆ ಪಡೆದವರು ತಡಮಾಡದೆ ಮುಂದುವರಿಯಬೇಕು.' 'ತಡಮಾಡದೆ' ಎಂಬುದನ್ನು ಸೇರಿಸಿದ್ದು ಅಕ್ಕ.

ನೀಲಿ ಪೆನ್ಸಿಲ್ ಹಿಡಿದು ನಾಲ್ಕೂ ಕಾರುಗಳನ್ನು ಒಂದೊಂದಾಗಿ ನೋಡಿದೆ. ನಾಲ್ಕರ ಇಂಡಿಕೇಟರೂ ಸರಿಯಾಗಿ ಬಲಕ್ಕೇ ಉರಿಯುತ್ತಿದ್ದವು. ಎಲ್ಲೂ ಒಂದು ಚುಕ್ಕೆಯ ತಪ್ಪಿಲ್ಲ. ಪೆನ್ಸಿಲನ್ನು ಮೇಜಿನ ಮೇಲಿಟ್ಟು ಎದ್ದೆ.

ನಾನಿನ್ನೂ ಐದನೇ ಹೆಜ್ಜೆಯಲ್ಲಿದ್ದಾಗಲೇ ಸ್ಟೂಲು ನೆಲಕ್ಕೆ ಕೆರೆದುಕೊಂಡು ನನ್ನ ಕಡೆ ಜಾರಿ ಬಂತು.