ಬೋಪಯ್ಯನವರ ತೀರ್ಪು

ಬೋಪಯ್ಯ ಅಂಕಲ್ ನಾನು ಮಾಡಿದ ಡಿಜಿಟಲ್ ಆಂಪ್ಲಿಫೈಯರನ್ನು ತಗಡು ಡಬ್ಬಿ ಎಂದದ್ದು 2006ರಲ್ಲಿ, ಮಟ್ಟಾಂಚೇರಿಯಲ್ಲಿ ಜೋಸೆಫರ ಮೆಣಸಿನ ಗೋದಾಮಿನ ಮಹಡಿಯಲ್ಲಿ, ಎಲ್ಲರೆದುರು. "ಅಡುಗೆಮನೇಲಿ ರೇಡಿಯೋ ಕೇಳೋಕೆ ಸಾಕಮ್ಮ," ಎಂದು ನಕ್ಕಿದ್ದರು. ಕಂಪ್ಯೂಟರ್ ಕೆಲಸ ಮುಗಿಸಿ ಬಂದು, ಎಂಟು ತಿಂಗಳು ತಿರುವನಂತಪುರದ ಪಟ್ಟಂ ಬಡಾವಣೆಯ ಬಾಡಿಗೆ ಮನೆಯಲ್ಲಿ ಬೆಸುಗೆ ಹಾಕುತ್ತ ಬೆರಳು ಸುಟ್ಟುಕೊಂಡವಳು ನಾನು. ಆ ನಗುವನ್ನು ಒಂದು ವರ್ಷ ಮರೆಯಲಿಲ್ಲ.

ತಿಂಗಳಿಗೊಂದು ಭಾನುವಾರ ನಾವು ಐವರು ಕನ್ನಡಿಗರು ಅಲ್ಲಿ ಸಂಗೀತ ಕೇಳಲು ಸೇರುತ್ತಿದ್ದೆವು. ಹಡಗಿನ ಎಂಜಿನಿಯರಾಗಿ ನಿವೃತ್ತರಾದ ಬೋಪಯ್ಯ ಮೊದಲು ತೀರ್ಪು ಕೊಡಬೇಕು, ಉಳಿದವರು ಆಮೇಲೆ ಬಾಯಿ ಬಿಡಬೇಕು ಎಂಬುದು ಪದ್ಧತಿ. ಬಾಯಿ ಬಿಟ್ಟರೂ ಅವರು ಹೇಳಿದ್ದನ್ನೇ ಹೇಳುತ್ತಿದ್ದರು.

ಮರುವರ್ಷ ತಿರುವನಂತಪುರದಿಂದ ರೈಲಿನಲ್ಲಿ ಎರಡು ಪೆಟ್ಟಿಗೆ ತಂದೆ. ಒಂದು ಹಳೆಯದೇ, ಸಿಡಿ ಪ್ಲೇಯರಿನಿಂದ ಮಾಮೂಲಿ ಸಿಗ್ನಲ್ ತೆಗೆದುಕೊಂಡು, ಅದನ್ನು ಚೂರು ಚೂರು ಮಾಡಿ ಬಲ ತುಂಬುವಂಥದ್ದು. ಆ ವರ್ಷ ನಾನು ಮಾಡಿದ ಹೊಸದು ಸಿಡಿಯ ಅಂಕಿಗಳನ್ನೇ ನೇರವಾಗಿ ತೆಗೆದುಕೊಳ್ಳುವಂಥದ್ದು. ಎರಡನ್ನೂ ಪರದೆಯ ಹಿಂದಿಟ್ಟೆ. ಹೊಸದರ ಸರದಿ ಬಂದಾಗ ಬೇಕೆಂದೇ ಬಲಗಡೆ ಸ್ಪೀಕರಿನ ತಂತಿ ಸಿಕ್ಕಿಸಲಿಲ್ಲ. ಈ ಮನುಷ್ಯ ಕೇಳುವುದೇ ಇಲ್ಲ, ಬರೀ ಭಾಷಣ ಬಿಗಿಯುತ್ತಾನೆ ಎಂದು ಎಲ್ಲರಿಗೂ ತೋರಿಸಬೇಕಿತ್ತು ನನಗೆ.

"ಮೊದಲನೇದು ಒಣ ಒಣ," ಎಂದರು ಬೋಪಯ್ಯ. "ಇದು ನೋಡಿ, ಎರಡೂ ಕಡೆ ತುಂಬ್ಕೊಂಡು ಬರ್ತಿದೆ."

"ಹೌದು ಮಾರಾಯ್ರೇ, ಬಲಗಡೆ ಆ ವೀಣೆ ಎಂಥ ಚಂದ!" ಎಂದರು ಮಂಗಳೂರಿನ ಜೋಸೆಫ್. ಉಳಿದಿಬ್ಬರೂ ತಲೆಯಾಡಿಸಿದರು.

ಪರದೆ ಸರ್ರನೆ ಎಳೆದೆ. ಬಿಚ್ಚಿದ ತಂತಿಯನ್ನು ಎತ್ತಿ ಹಿಡಿದೆ. "ಬಲಗಡೆ ಸ್ಪೀಕರಿಗೆ ಕನೆಕ್ಷನ್ನೇ ಇಲ್ಲ ಅಂಕಲ್." ಅಷ್ಟು ಖುಷಿ ನನಗೆ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಬೋಪಯ್ಯ ನನ್ನನ್ನು ನೋಡಲಿಲ್ಲ. ಜೋಸೆಫರ ಕಡೆ ತಿರುಗಿದರು. "ನಂಗೆ ಬಲಗಿವಿ ಹೋಗಿ ಎರಡು ವರ್ಷ ಆಯ್ತು. ನಿಮಗೆಲ್ಲ ಏನಾಗಿತ್ತು?"

ಜೋಸೆಫರ ಮುಖ ಹುಳ್ಳಗಾಯಿತು. ನನಗೆ ಬೋಪಯ್ಯನವರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಕಳೆದ ವರ್ಷ ನನ್ನನ್ನು ನಗೆಪಾಟಲು ಮಾಡಿದ್ದೂ ಒಂದೇ ಕಿವಿ ಎಂದು ಇನ್ನಷ್ಟು ಕುದಿದೆ.

"ತಂತಿ ಸಿಕ್ಸು," ಎಂದರು ಬೋಪಯ್ಯ. ಸಿಕ್ಕಿಸಿದೆ. ಅವರು ಕುರ್ಚಿ ಎಳೆದುಕೊಂಡು, ಎಡಗಿವಿಯನ್ನು ಒಂದು ಸ್ಪೀಕರಿಗೆ ಒಡ್ಡಿ ಕೂತರು. ಆಮೇಲೆ ಎದ್ದು ಹೋಗಿ ಇನ್ನೊಂದಕ್ಕೆ ಒಡ್ಡಿದರು. ಸಿಡಿ ಮುಗಿಯುವವರೆಗೂ ಹಾಗೇ ಕೇಳಿದರು.

"ಚೆನ್ನಾಗಿದೆ ಗಗನಾ. ತುಂಬ ಚೆನ್ನಾಗಿ ಮಾಡಿದ್ದೀಯ."

ಈ ಒಂದು ಮಾತಿಗಾಗಿ ವರ್ಷವಿಡೀ ಕಾದಿದ್ದೆ. ಎಲ್ಲರೆದುರೇ ಬಂತು. ಅದಕ್ಕೆ ಬೆಲೆಯಿಲ್ಲದಂತೆ ಅರ್ಧ ಗಂಟೆಯ ಹಿಂದಷ್ಟೇ ನಾನೇ ಮಾಡಿದ್ದೆ.