ಅತ್ತಿಗೆಯ ನಂಬರು

ಈ ಫೋನಿನ ಅಂಗಡಿಯ ಗೋಡೆಯ ಮೇಲೆ ಜಾಹೀರಾತಿನ ಆ ಗಂಡ ಹೆಂಡತಿಯ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಾನೆ, ಎಷ್ಟು ಬೆಳ್ಳಗಿನ ಹಲ್ಲು, ಮಗುವಿನ ಕೈಯಲ್ಲೂ ಒಂದು ಫೋನು, ಕೆಳಗೆ ಕೆಂಪಕ್ಷರದಲ್ಲಿ ಇಡೀ ಮನೆಗೆ ಒಂದೇ ಬಿಲ್ಲು ಅಂತ, ಯಾರು ಬರೆದರೋ ಅದನ್ನು, ಅವರನ್ನು ತಂದು ಬಿಳಿಗೆರೆಯ ನಮ್ಮ ಮನೆಯ ಜಗಲಿಯ ಮೇಲೆ ಕೂರಿಸಬೇಕಿತ್ತು, ಆ ಒಂದೇ ಬಿಲ್ಲು ಬಂದ ದಿನ ನನ್ನ ಅಣ್ಣ ದೀಪಕ್ ಪೆನ್ನು ಹಿಡಿದು ಕೂರುವುದನ್ನು ನೋಡಬೇಕಿತ್ತು — ಅಪ್ಪನ ಫೋನು, ಅಣ್ಣನ ಫೋನು, ಮಾದೇವಿ ಅತ್ತಿಗೆಯ ಫೋನು, ಮೂರೂ ಅಪ್ಪನ ಹೆಸರಿನಲ್ಲಿ, ಅತ್ತಿಗೆ ಯಾರಿಗೆ ಮಾಡಿದಳು, ಎಷ್ಟು ಹೊತ್ತು ಮಾತಾಡಿದಳು ಎಲ್ಲಾ ಅಚ್ಚಾಗಿ ಬಾಗಿಲಿಗೇ ಬರುತ್ತಿತ್ತು, ಇವನು ಗೆರೆ ಎಳೆದು ಎಳೆದು ಒಂದೊಂದು ನಂಬರಿಗೂ ಫೋನು ಮಾಡುತ್ತಿದ್ದ, ಯಾರ್ ನೀನು, ನನ್ನೆಂಡ್ರಿಗೂ ನಿಂಗೂ ಏನು, ಆ ಕಡೆ ಅತ್ತಿಗೆಯ ಹತ್ತಿರ ರವಿಕೆ ಹೊಲಿಯಲು ಕೊಟ್ಟ ಸುತ್ತೂರಿನ ಟೀಚರಮ್ಮ, ಪಾಪ ಆಕೆ ಏನು ಹೇಳಬೇಕು, ಎರಡನೇ ಸಲ ಬಟ್ಟೆ ತರಲೇ ಇಲ್ಲ. ಅಮ್ಮನಿಗೆ ಹೇಳಿದರೆ ಒಲೆಯ ಕಡೆ ತಿರುಗಿಕೊಂಡೇ, ಅವ್ಳ್ಯಾಕವ್ವ ಅಷ್ಟೊತ್ತು ಮಾತಾಡ್ಬೇಕು, ಗಂಡ್ಸು ಅಂದ್ಮೇಲೆ ಕೇಳ್ದೆ ಇದ್ದಾನಾ — ಬೆನ್ನು ತಿರುಗಿಸುವುದರಲ್ಲಿ ನನ್ನ ತಾಯಿ ವಿಶಾಲಮ್ಮನನ್ನು ಮೀರಿಸಿದವರಿಲ್ಲ, ಒಳಗೆ ಏಟಿನ ಸದ್ದಾದರೆ ಇಲ್ಲಿ ಸಾರಿನ ಪಾತ್ರೆಯೊಳಗೆ ಸೌಟಿನ ಸದ್ದು ಜೋರಾಗುತ್ತಿತ್ತು, ನನ್ನ ಗಂಡನ ಮನೆ ಇದೇ ನಂಜನಗೂಡಿನಲ್ಲಿ, ಅಲ್ಲಿಂದ ಹಬ್ಬಕ್ಕೆ ಹೋದಾಗೆಲ್ಲ ಕೇಳಿಸಿಕೊಂಡಿದ್ದೇನೆ. ಆಮೇಲೆ ಇನ್ನೊಂದು ಬಿಲ್ಲು ಬಂತು, ಅದರಲ್ಲಿ ನಂಜನಗೂಡಿನ ಒಂದು ಹೊಸ ನಂಬರು, ಇವನು ಮಾಡಿದರೆ ಆ ಕಡೆ ಹೆಂಗಸಿನ ದನಿ, ನಮಸ್ಕಾರ, ಮಹಿಳಾ ಸಹಾಯ ಕೇಂದ್ರ, ಹೇಳಿ. ಅಷ್ಟೇ. ಏಟಿನಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದಕ್ಕೇ ಅವತ್ತು ಸಂಜೆ ಏಟು.

ಮರುದಿನವೇ ಅವಳು ಟಿ. ನರಸೀಪುರಕ್ಕೆ ಹೋದಳು, ತನ್ನ ಚಿಕ್ಕಮ್ಮ ಸಾಕಮ್ಮನ ಮನೆಗೆ, ಒಳ್ಳೆಯದಾಯಿತು ಅಂದುಕೊಂಡೆ, ಆದರೆ ಅಣ್ಣ ಇದೇ ಅಂಗಡಿಗೆ ಬಂದು ನಮ್ಮಪ್ಪನ ಕನೆಕ್ಷನ್ನು, ಈ ವಾರದ ಕಾಲ್‌ಗಳ ಪಟ್ಟಿ ಕೊಡಿ ಎಂದರೆ ಕೊಟ್ಟುಬಿಟ್ಟಿದ್ದಾರೆ, ಅದರಲ್ಲಿ ನರಸೀಪುರದ ಲ್ಯಾಂಡ್‌ಲೈನು, ಸಾಕಮ್ಮನ ಪಕ್ಕದ ಮನೆಯದು, ಬರ್ತೀನಿ ಅಂತ ಹೇಳಲು ಅತ್ತಿಗೆ ಮಾಡಿದ್ದು, ಸರಿಯಾಗಿ ಹೋಗಿ ಗೇಟಿನ ಮುಂದೆ ನಿಂತ, ಬೀದಿಯವರೆಲ್ಲ ಸೇರಿ ಅಟ್ಟಿದರಂತೆ. ನರಸೀಪುರಕ್ಕೆ ಹೋಗಿ ನಾನು ಹೇಳಿದೆ, ಆ ಸಿಮ್ಮು ಹೊಳೆಗೆ ಎಸಿ ಅತ್ತಿಗೆ, ಹೊಸದು ತಗೋ. ಅವಳು ಕತ್ತರಿಯನ್ನು ಬಟ್ಟೆಯ ಮೇಲೆ ಇಟ್ಟಳು, ಆ ನಂಬ್ರು ನಾನು ಸಂಪಾದ್ಸಿದ್ದು ವಾಣಿ, ಅವ್ರ ಮನೇದಲ್ಲ, ಬಟ್ಟೆ ಕೊಡೋರೆಲ್ಲ ಅದಕ್ಕೇ ಮಾಡೋದು, ಮನೆ ಬಿಟ್ಟೆ, ಮಿಷಿನ್ ಬಿಟ್ಟೆ, ಇದೂ ನಾನೇ ಬಿಡ್ಬೇಕಾ. ಯಾಕೆ ಯಾವಾಗಲೂ ಏಟು ತಿಂದವಳೇ ಬಿಡಬೇಕು, ನಾನೂ ಅದನ್ನೇ ಹೇಳಿದೆನಲ್ಲ. ಸಹಾಯ ಕೇಂದ್ರದ ಮೇಡಂ ಹೇಳಿದರು, ನಂಬರನ್ನು ಅವಳ ಹೆಸರಿಗೇ ಬರೆಸಬಹುದು, ಆದರೆ ಯಾರ ಹೆಸರಲ್ಲಿದೆಯೋ ಅವರೇ ಬಂದು ಸಹಿ ಹಾಕಬೇಕು. ಅಂದರೆ ಅಪ್ಪ. ಡೇರಿಯಲ್ಲಿ ಹಾಲಿನ ಕ್ಯಾನುಗಳ ಮಧ್ಯೆ ನಿಂತಿದ್ದ ನಮ್ಮಪ್ಪ, ಡೇರಿ ಸೆಕ್ರೆಟರಿ ಸಿದ್ದರಾಜು, ಊರಿನ ಜಗಳಕ್ಕೆಲ್ಲ ನ್ಯಾಯ ಹೇಳುವ ಮನುಷ್ಯ, ಮನೆ ಇಸ್ಯ ಅಂಗ್ಡಿಗೆ ತಕಂಡೋಗ್ಬ್ಯಾಡ ಕಣವ್ವ ಎಂದರು. ಹಾಗಾದರೆ ಪೊಲೀಸ್ ಸ್ಟೇಷನ್ನಿಗೆ ತಗೊಂಡು ಹೋಗ್ತೀನಿ, ಅಣ್ಣನ ಮೇಲೆ ನಾನೇ ಸಾಕ್ಷಿ ಹೇಳ್ತೀನಿ, ನೋಡಪ್ಪ, ಎಂದೆ.

ಅಪ್ಪ ಬಂದಿದ್ದಾರೆ, ನನ್ನ ಜೊತೆ ಬಸ್ಸಿನಲ್ಲಿ, ಅತ್ತಿಗೆ ನರಸೀಪುರದಿಂದ ನೇರ ಇಲ್ಲಿಗೇ ಬಂದು ನಮಗಾಗಿ ಕಾದಿದ್ದಳು, ಮಾವ ಚೆನ್ನಾಗಿದ್ದೀರಾ ಎಂದು ಕೇಳಿದಳು, ಅದನ್ನೂ ಕೇಳಬೇಕಿತ್ತೇ ಇವಳು. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತಿ, ಯಾಕೆ ಸರ್ ಬೇರೆ ಮಾಡಿಸ್ತಿದೀರ, ಫ್ಯಾಮಿಲಿ ಪ್ಲಾನಲ್ಲೇ ಲಾಭ ಅಲ್ವಾ, ಕಾರಣ ಏನಂತ ಹಾಕ್ಲಿ — ಈಗ ಸುಳ್ಳು ಹೇಳುತ್ತಾರೆ, ಸೊಸೆ ತವರಿಗೆ ಹೋಗಿದ್ದಾಳೆ ಅನ್ನುತ್ತಾರೆ, ನಾನೇ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, ನನ್ ಮಗ ಸೊಸೇನ ವಡೀತಾನೆ, ಅದ್ಕೆ. ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಹುಡುಗಿ ಮೆಲ್ಲಗೆ, ಪರ್ಸನಲ್ ಅಂತ ಹಾಕ್ತೀನಿ ಸರ್. ಅಪ್ಪ, ಬ್ಯಾಡ ಕಣವ್ವ, ನಾ ಯೋಳ್ದಂಗೇ ಬರ್ಕೊ. ನನ್ನ ಕಣ್ಣು ತುಂಬಬೇಕಿತ್ತು, ತುಂಬಲಿಲ್ಲ, ಇನ್ನೂ ಸಿಟ್ಟು ಬಂತು, ಗುರುತಿಲ್ಲದ ಹುಡುಗಿಗೆ ಹೇಳಲು ಬರುವ ಮಾತು ನಡುಮನೆಯಲ್ಲಿ ಯಾಕೆ ಬರಲಿಲ್ಲ ಅಪ್ಪ, ಅವನ ರಟ್ಟೆ ಹಿಡಿದು ಎಳೆಯಲು ಎರಡು ಹೆಜ್ಜೆ ಸಾಕಿತ್ತಲ್ಲ, ಪೇಪರು ಮಡಿಸಿ ಎದ್ದು ಹೊರಗೆ ಹೋಗುತ್ತಿದ್ದಿರಲ್ಲ. ಸಹಿ ಹಾಕಿದರು. ಅತ್ತಿಗೆ ತನ್ನ ಓಟಿನ ಕಾರ್ಡು ಕೊಟ್ಟಳು, ಬಿಲ್ಲು ನರಸೀಪುರಕ್ಕೆ ಬರಲಿ ಎಂದಳು, ಹುಡುಗಿ, ಆಯ್ತಕ್ಕ, ಇನ್ಮೇಲೆ ಇದು ನಿಮ್ದೇ, ಬೇರೆ ಯಾರ್ ಕೇಳಿದ್ರೂ ಪಟ್ಟಿ ಕೊಡಲ್ಲ, ತಡೀರಿ ಒಂದ್ಸಲ ಚೆಕ್ ಮಾಡೋಣ ಎಂದು ಡಯಲ್ ಮಾಡಿತು, ಫೋನು ಬಡಿದುಕೊಂಡಿತು, ಅತ್ತಿಗೆ ಎತ್ತಿ ಬಲಗಿವಿಗೆ ಹಿಡಿದಳು, ಹಲೋ ಎಂದಳು, ಹುಡುಗಿ ಕೌಂಟರಿನ ಆಚೆಯಿಂದ ಹಲೋ ಅಕ್ಕ ಕೇಳಿಸ್ತಿದ್ಯಾ ಎನ್ನುತ್ತಲೇ ಇದೆ, ನಮಗೆಲ್ಲ ಕೇಳುತ್ತಿದೆ, ಇವಳು ಹಲೋ, ಹಲೋ, ಆಮೇಲೆ ಏನೋ ನೆನಪಾದವಳಂತೆ ಫೋನನ್ನು ಎಡಗಿವಿಗೆ ಬದಲಾಯಿಸಿ, ಹಾಂ ಈಗ ಕೇಳ್ತು ಕಣವ್ವ ಎಂದು ನಕ್ಕಳು. ಆ ಕಿವಿಗೆ ಏನಾಯ್ತು ಅತ್ತಿಗೆ. ಕರೆಂಟು ಹೋಗಿದೆ ಎನ್ನುವ ಹಾಗೆ ಹೇಳಿದಳು, ಆ ಬಿಲ್ ಬಂದ ಸಂಜೆಯಿಂದ ಅದು ಇಲ್ಲ ವಾಣಿ, ಮರ್ತುಹೋಗುತ್ತೆ. ಅಪ್ಪ ಕುರ್ಚಿ ಹಿಡಿದುಕೊಂಡರು, ನಾನು ಅವರನ್ನು ನೋಡುವುದಿಲ್ಲ, ನೋಡಲಾರೆ, ನಂಬರು ಬಂತು, ಹೆಸರು ಬಂತು, ಬಿಲ್ಲು ನರಸೀಪುರಕ್ಕೆ ಹೋಗುತ್ತದೆ, ಆದರೆ ಫೋನು ಬಂದಾಗಲೆಲ್ಲ ಅವಳ ಕೈ ಬಲಗಡೆಗೆ ಏಳುತ್ತದೆ, ಹಲೋ, ನಿಲ್ಲುತ್ತದೆ, ಎಡಗಡೆಗೆ — ಬಲಗಡೆ, ಹಲೋ — ಬಲಗಿವಿಯ ಮೇಲೆ ಫೋನು, ಕಾಯುತ್ತಿರುವ ಅವಳ ಮುಖ —