ಎರಡು ಕಡೆ ಸಿಕ್ಕ ತಾರೀಖು

ಇವತ್ತು ಯಾವ ತಾರೀಖು ಎಂದು ಕೇಳಿದರೆ ನಮ್ಮ ತಾರೀಖಣ್ಣ ತಪ್ಪು ಹೇಳುತ್ತಿದ್ದರು, ಅದೂ ಯಾವಾಗಲೂ ಒಂದು ದಿನ ಮುಂದಿನದು. ಮರೆವಿನಿಂದಲ್ಲ; ಅದು ಅವರ ವೃತ್ತಿ ಅವರಿಗೆ ಅಂಟಿಸಿದ ಚಾಳಿ. ನಮ್ಮ ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಇದೇ ತಾರೀಖಿನಂದು ಹಿಂದೆ ಯಾವ ಯಾವ ವರ್ಷ ಲೋಕದಲ್ಲಿ ಏನೇನು ನಡೆಯಿತೆಂದು ತಿಳಿಸುವ ಪುಟ್ಟ ಅಂಕಣವೊಂದಿತ್ತು. ನಾಳೆ ಓದುವವರಿಗಾಗಿ ಇವತ್ತೇ ಬರೆಯಬೇಕಾದ್ದರಿಂದ, ಬೆಳಿಗ್ಗೆ ಬಂದು ಕುರ್ಚಿ ಎಳೆದು ಕೂತ ಕ್ಷಣವೇ ಅವರ ಪಾಲಿಗೆ ನಾಳೆ ಶುರುವಾಗಿಬಿಡುತ್ತಿತ್ತು. ಹಲ್ಲಿನ ಡಾಕ್ಟರ ಬಳಿ ಹಿಂದಿನ ದಿನವೇ ಹೋಗಿ ಜಗಳವಾಡಿ ಬಂದವರು. ನಾದಿನಿಯ ಮದುವೆಗೆ ಉಡುಗೊರೆ ಹಿಡಿದು ಹೋಗಿ, ಕುರ್ಚಿ ಜೋಡಿಸುವವರ ನಡುವೆ ಒಬ್ಬರೇ ಅತಿಥಿಯಾಗಿ ಕೂತವರು. "ಗಂಡ ತಡವಾಗಿ ಬರ್ತಾರೆ ಅಂತ ಎಲ್ಲರೂ ಬೈತಾರೆ. ನನ್ನ ಗಂಡ ಒಂದು ದಿನ ಮುಂಚೆ ಬರ್ತಾರೆ, ನಾನು ಯಾರ ಹತ್ರ ಹೇಳ್ಕೊಳ್ಳಲಿ?" ಎಂದು ಅವರ ಹೆಂಡತಿ ನಗುತ್ತಲೇ ಹಣೆ ಚಚ್ಚಿಕೊಳ್ಳುತ್ತಿದ್ದರು.

ಬೇಸಿಗೆಯಲ್ಲೂ ಬಿಡದ ಬೂದು ಕೋಟು. ಅದರ ಎಡಜೇಬಿನಲ್ಲಿ ಒಂದೇ ಪುಸ್ತಕದಲ್ಲಿ ಕಂಡ ಸಂಗತಿಗಳ ಚೀಟಿಗಳು, ಬಲಜೇಬಿನಲ್ಲಿ ಎರಡು ಕಡೆ ಸಿಕ್ಕು ಖಾತ್ರಿಯಾದವು. ಲೋಕದಲ್ಲಿ ಖಾತ್ರಿಯಾದದ್ದು ಕಡಿಮೆಯೇ ಅಲ್ಲವೇ, ಎಡಜೇಬು ಸದಾ ಉಬ್ಬಿರುತ್ತಿತ್ತು. ಗ್ರಂಥಾಲಯದಿಂದ ಬಂದು ಕಚೇರಿಯ ಮೆಟ್ಟಿಲು ಹತ್ತುವಾಗ ಅವರು ಆ ಭಾರಕ್ಕೇ ಎಂಬಂತೆ ಎಡಕ್ಕೆ ವಾಲಿ ನಡೆಯುತ್ತಿದ್ದರು. "ಇನ್ನೊಂದು ಕಡೆ ಸಿಕ್ತಾ?" ಎಂಬುದು ಅವರ ಮಾತಿನ ಪಲ್ಲವಿ. ಸಂಬಳ ಹೆಚ್ಚುತ್ತದಂತೆ ಎಂದರೂ ಅದೇ ಪ್ರಶ್ನೆ. ಹೊರಗೆ ಮಳೆ ಬರುತ್ತಿದೆ ಎಂದರೂ ಅದೇ ಪ್ರಶ್ನೆ, ಆಮೇಲೆ ಎದ್ದು ಹೋಗಿ ಕಿಟಕಿಯಿಂದ ಕೈ ಚಾಚಿ ನೋಡುವುದು. ತಮ್ಮ ತಂದೆಯ ಜನನವನ್ನು ಅಂಕಣದಲ್ಲಿ ಸೇರಿಸಬೇಕೆಂದು ಪತ್ರಿಕೆಯ ಮಾಲೀಕರೇ ಹೇಳಿಕಳಿಸಿದಾಗ, ತಾರೀಖಣ್ಣ ವಿನಯದಿಂದ ಅದೇ ಪ್ರಶ್ನೆಯನ್ನು ಮೇಲಿನ ಮಹಡಿಗೆ ವಾಪಸು ಕಳಿಸಿದ್ದರು. ಕೆಲಸ ಹೋಗುತ್ತದೆಂದು ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಮಾಲೀಕರು ಒಂದು ವಾರ ಮುಖ ಊದಿಸಿಕೊಂಡು ಸುಮ್ಮನಾದರು.

ಇನ್ನು ಅವರದೇ ಜನ್ಮದಿನ ಕೇಳಿದರೆ, "ಶಾಲೆಯವರು ಒಂದು ಬರ್ಕೊಂಡಿದ್ದಾರೆ, ನಮ್ಮಮ್ಮ ಇನ್ನೊಂದು ಹೇಳ್ತಿದ್ರು. ಎರಡೂ ಒಂದಕ್ಕೊಂದು ಕೂಡಲ್ಲ" ಎಂದು ಎಡಜೇಬು ತಟ್ಟಿ ತೋರಿಸುತ್ತಿದ್ದರು.

ಅವರ ಪಕ್ಕದ ಮೇಜು ನನ್ನದು. ನನ್ನ ಮಗಳ ಶಾಲೆಯಲ್ಲಿ ಒಂದು ಪದ್ಧತಿ: ಯಾವ ಮಗುವಿನ ಹುಟ್ಟುಹಬ್ಬವೋ ಆ ಮಗು ಅಂದಿನ ಪತ್ರಿಕೆಯಿಂದ ತಾರೀಖಣ್ಣನ ಅಂಕಣವನ್ನು ತರಗತಿಯ ಮುಂದೆ ನಿಂತು ಓದಬೇಕು. ಉಳಿದ ಮಕ್ಕಳಿಗೆ ಆಕಾಶಕ್ಕೆ ಹಾರಿದವರು, ಹೊಸ ಔಷಧಿ ಕಂಡುಹಿಡಿದವರು ಸಿಗುತ್ತಿದ್ದರು. ನನ್ನ ಮಗಳ ಪಾಲಿಗೆ ಬಂದದ್ದು ಒಂದು ಭೂಕಂಪ, ಒಂದು ಹಡಗು ಮುಳುಗಡೆ, ಒಬ್ಬ ರಾಜನ ಶಿರಶ್ಛೇದ. ಹುಡುಗರು ಬಿಡುತ್ತಾರೆಯೇ? ಅವಳು ಮುಟ್ಟಿದ ಪೆನ್ಸಿಲನ್ನೂ ಮುಟ್ಟದೆ ಅದನ್ನೇ ಒಂದು ಆಟ ಮಾಡಿಕೊಂಡರು. ಮುಂದಿನ ವರ್ಷ ಆ ದಿನ ಶಾಲೆಗೇ ಹೋಗುವುದಿಲ್ಲವೆಂದು ಅವಳು ಅವತ್ತೇ ಹಟ ಹಿಡಿದಳು. "ನಾನು ಹುಟ್ಟಿದ್ದೇ ಕೆಟ್ಟ ದಿನ ಅಲ್ವಾ, ಅಮ್ಮ?" ಎಂದು ಅವಳು ಕೇಳಿದಾಗ ನನ್ನ ಹೆಂಡತಿ ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು.

ನಾನಿದನ್ನು ಚಹಾದ ಹೊತ್ತಿಗೆ ತಮಾಷೆಯಾಗಿಯೇ ಹೇಳಿದೆ. ತಾರೀಖಣ್ಣ ನಗಲಿಲ್ಲ, ಲೋಟ ಕೆಳಗಿಟ್ಟರು. ಅಂದಿನಿಂದ ಗ್ರಂಥಾಲಯದಲ್ಲಿ ಆ ಒಂದು ತಾರೀಖಿನ ಬೆನ್ನು ಹತ್ತಿದರು. ಶುಭವಾದದ್ದು ಸಿಗದೇ ಇರಲಿಲ್ಲ. ಯಾವುದೋ ದೇಶದಲ್ಲಿ ಸೇತುವೆಯೊಂದು ತೆರೆದದ್ದು, ಯಾರಿಗೋ ಕಣ್ಣು ಮರಳಿ ಬಂದದ್ದು. ಆದರೆ ಪ್ರತಿಯೊಂದೂ ಒಂದೇ ಕಡೆ. ಎಡಜೇಬು ಹಿಗ್ಗಿತು, ಮುಖ ಬಾಡಿತು. ವರ್ಷ ಉರುಳಿ ಆ ದಿನ ಹತ್ತಿರ ಬಂದಾಗ ನಾನೇ ತಡೆಯಲಾರದೆ, "ಸೇತುವೇನೇ ಹಾಕಿಬಿಡಿ ಅಣ್ಣ, ಯಾರು ಹೋಗಿ ನೋಡ್ತಾರೆ?" ಎಂದೆ. "ಅವಳು ಕೇಳ್ತಾಳಲ್ಲಪ್ಪ, ನಿಜಾನಾ ಅಂತ" ಎಂದರು.

ಮರುದಿನ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, ಮಗಳು ಹುಟ್ಟಿದ್ದು ಯಾವ ಹೊತ್ತು ಎಂದು ವಿಚಾರಿಸಿದರು. ಮಧ್ಯಾಹ್ನ ಎಂದೆ. ಹೊರಗೆ ಹೋಗಿ ನನ್ನ ಹೆಂಡತಿಗೆ ಫೋನ್ ಮಾಡಿ ಬಂದು, "ಬೆಳಗಿನ ಜಾವವಂತೆ. ಅವರು ಒಳಗಿದ್ರು, ನೀವು ಹೊರಗಿದ್ರಿ. ಹೊತ್ತಿನ ವಿಷಯದಲ್ಲಿ ನಿಮ್ಮ ಮಾತು ನಡೆಯಲ್ಲ. ತಾರೀಖು ಮಾತ್ರ ಇಬ್ಬರದ್ದೂ ಒಂದೇ" ಎಂದು ತೀರ್ಪು ಕೊಟ್ಟರು. ಕೆಲಸವಿಲ್ಲದ ಕುತೂಹಲವೆಂದು ನಾನು ಮರೆತುಬಿಟ್ಟೆ.

ಹುಟ್ಟುಹಬ್ಬದ ಹಿಂದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಕೋಟು ತೊಟ್ಟ ತಾರೀಖಣ್ಣ, ಕೈಯಲ್ಲಿ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ.

"ನಾಳೆ ಅಲ್ವಾ, ತಾರೀಖು ಮಾಮ?" ಎಂದಳು ಮಗಳು.

ಅವರು ಹೊಸಿಲಲ್ಲೇ ಪೆಚ್ಚಾಗಿ ನಿಂತರು. ಹಾಗೇ ಹಿಂದಿರುಗಲು ಮನಸ್ಸಾಗದೆ, ಡಬ್ಬಿಯ ಜೊತೆಗೆ ಬಲಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಅವಳ ಕೈಗಿತ್ತರು. ಮರುದಿನದ ಪುಟದ ಕರಡಚ್ಚು, ಶಾಯಿ ಇನ್ನೂ ಬೆರಳಿಗಂಟುವಂತಿತ್ತು. ಭೂಕಂಪವಿತ್ತು, ಹಡಗಿತ್ತು, ರಾಜನೂ ಇದ್ದ. ಒಂದನ್ನೂ ಅವರು ಬಿಟ್ಟಿರಲಿಲ್ಲ. ಕೊನೆಯ ಸಾಲನ್ನು ಮಗಳು ಗಟ್ಟಿಯಾಗಿ ಓದಿದಳು: "ಹತ್ತು ವರ್ಷಗಳ ಹಿಂದೆ, ಇದೇ ಊರಿನಲ್ಲಿ, ಬೆಳಗಿನ ಜಾವ ಒಂದು ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ."

ನನ್ನ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಇದಕ್ಕೆ ಸಂಪಾದಕರು ಹೇಗೆ ಒಪ್ಪಿದರೆಂದು ನಾನು ಕೇಳಿದೆ. "ಇದೇನು ಚರಿತ್ರೆನಾ ಅಂದ್ರು. ಆ ದಿನ ನಡೆದದ್ದು ಹೌದೋ ಅಲ್ವೋ ಅಂದೆ" ಎಂದರು.

ಮರುದಿನ ಮಗಳು ತಾನಾಗಿಯೇ ಚೀಲ ಹೆಗಲಿಗೇರಿಸಿ ಶಾಲೆಗೆ ಹೋದಳು, ಓದಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ, "ಕೊನೇದು ಸುಳ್ಳು" ಎಂದನಂತೆ. "ಎರಡು ಕಡೆ ಸಿಕ್ಕಿದೆ" ಎಂದಳಂತೆ ಇವಳು. ಸಂಜೆ ಅದನ್ನು ವರದಿ ಮಾಡಿದ ಮೇಲೆ, "ಮಾಮನ ಹುಟ್ಟಿದಬ್ಬ ಯಾವಾಗ?" ಎಂದು ಕೇಳಿದಳು. ನಾನು ಎಡಜೇಬಿನ ಕಥೆ ಹೇಳಿದೆ. ಅವಳಿಗೆ ಅದು ಅನ್ಯಾಯವೆನಿಸಿತು, ನನಗೂ.

ಆದರೆ ಇಂಥವರು ಇರುವುದೇ ಹಾಗೆ. ತಮ್ಮ ಹೆಸರಿಲ್ಲದ ಮೂಲೆಯಲ್ಲಿ ಕೂತು, ರಾಜರಿಗೂ ಹಡಗುಗಳಿಗೂ ನಿನ್ನೆ ಮೊನ್ನೆ ಹುಟ್ಟಿದ ಕೂಸಿಗೂ ಒಂದೇ ಶ್ರದ್ಧೆಯಿಂದ ಸಾಕ್ಷಿ ಹುಡುಕುತ್ತಾರೆ. ಲೋಕವನ್ನೆಲ್ಲ ಒಂದೊಂದೇ ಚೀಟಿಯಾಗಿ ಬಲಜೇಬಿಗೆ ದಾಟಿಸಿ, ತಾವು ಮಾತ್ರ ಎಡಜೇಬಿನಲ್ಲೇ ಉಳಿದುಬಿಡುತ್ತಾರೆ.